ಒಂಟಿರೆಕ್ಕೆಯ ವಿಮಾನ



ವಿಮಾನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎಡಕ್ಕೊಂದು ಬಲಕ್ಕೊಂದು ರೆಕ್ಕೆಯನ್ನು ಚಾಚಿಕೊಂಡ ಹಕ್ಕಿಯಂತಹ ಆಕೃತಿ. ಹಕ್ಕಿಗೂ ಎರಡು ರೆಕ್ಕೆ, ಚಿಟ್ಟೆಗೂ ಎಡಬಲಗಳಲ್ಲಿ ಸಮನಾದ ರೆಕ್ಕೆ, ನಮ್ಮ ಪುರಾಣಗಳ ಗರುಡನಿಗೂ ಎರಡೇ ರೆಕ್ಕೆ. ಹೀಗಿರುವಾಗ, ಒಂದು ಬದಿಗೆ ಮಾತ್ರ ರೆಕ್ಕೆಯಿದ್ದು ಇನ್ನೊಂದು ಬದಿ ಬರಿದಾಗಿರುವ ವಿಮಾನವೊಂದು ಹಾರುತ್ತದೆಂದು ಯಾರಾದರೂ ಹೇಳಿದರೆ ಕೇಳಿದವರು ನಕ್ಕುಬಿಡುವುದು ಸಹಜ. ಆದರೆ ಅದು ಹಾರುತ್ತದೆ. ಅಂತಹ ಚಿಕ್ಕದೊಂದು ಮಾದರಿಯನ್ನು ನಾವೂ ನಮ್ಮ ವಿದ್ಯಾರ್ಥಿಗಳು ನಾಲ್ವರೂ ಕೂಡಿ ಕಟ್ಟಿ, ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ಊರುಗಳ ಕಡಲ ತೀರದಲ್ಲಿ ಪರೀಕ್ಷಿಸಿ ನೋಡಿದ ವೃತ್ತಾಂತವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ. ಇದರಲ್ಲಿ ನಮ್ಮ ಜಾಣತನಕ್ಕಿಂತ ನಮ್ಮ ತಪ್ಪುಗಳೇ ಹೆಚ್ಚು; ಆದರೂ ಕೇಳುವವರಿಗೆ ಆ ತಪ್ಪುಗಳಿಂದಲೇ ಹೆಚ್ಚು ಪ್ರಯೋಜನವಾದೀತೆಂದು ನಂಬಿದ್ದೇವೆ.

ಕಥೆ ಆರಂಭವಾದುದು 2023ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಒಂದು ಮಹಾಗನಿ ಮರದ ಕೆಳಗೆ. ಮಹಾಗನಿ ನಮ್ಮ ನಾಡಿನ ಮರವಲ್ಲ. ಅಮೆರಿಕ ಖಂಡದಿಂದ ಬಂದು ನಮ್ಮ ರಸ್ತೆಗಳ ಬದಿಯಲ್ಲಿಯೂ ತೋಟಗಳಲ್ಲಿಯೂ ನೆಲೆಯೂರಿದುದು. ಬೇಸಗೆಯಲ್ಲಿ ಅದರ ಗಟ್ಟಿಯಾದ ಕಾಯಿಗಳು ಒಡೆದು, ಒಳಗಿನ ಕಂದುಬಣ್ಣದ ಬೀಜಗಳು ಒಂದೊಂದಾಗಿ ಕೆಳಕ್ಕೆ ಬೀಳುತ್ತವೆ. ಒಂದೊಂದು ಬೀಜಕ್ಕೂ ಬೆರಳುದ್ದದ ಒಂದೇ ಒಂದು ರೆಕ್ಕೆ. ಬೀಜ ಒಂದು ತುದಿಯಲ್ಲಿ, ರೆಕ್ಕೆ ಇನ್ನೊಂದು ತುದಿಯಲ್ಲಿ. ಕೊಂಬೆಯಿಂದ ಕಳಚಿದ ಬೀಜ ಒಂದು ಮೊಳದಷ್ಟು ಕಲ್ಲಿನಂತೆ ಬಿದ್ದು, ಆಮೇಲೆ ಯಾರೋ ಹಿಡಿದು ತಿರುಗಿಸಿದಂತೆ ಗಿರ್ರನೆ ಸುತ್ತತೊಡಗಿ, ಮೆಲ್ಲಮೆಲ್ಲನೆ ನೆಲಕ್ಕಿಳಿಯುತ್ತದೆ. ಅದನ್ನು ನೋಡುತ್ತ ನಿಂತಿದ್ದ ಹುಡುಗನೊಬ್ಬ, "ಸರ್, ಒಂದು ರೆಕ್ಕೆಯಿಂದ ಇದು ಇಷ್ಟು ಚೆನ್ನಾಗಿ ಇಳಿಯುವುದಾದರೆ, ಇದನ್ನೇ ಮೇಲಕ್ಕೆ ಹಾರಿಸಲು ಬಾರದೆ?" ಎಂದು ಕೇಳಿದನು. ಅವನು ಹೊನ್ನಾವರದ ಕಡೆಯ ಮೀನುಗಾರರ ಮನೆಯವನು. ತರಗತಿಯಲ್ಲಿ ಬಾಯಿ ಬಿಡುವವನಲ್ಲ. ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರವನ್ನು ಹೇಳಿಕೊಡುತ್ತಿರುವ ನಮಗೆ ಆ ಪ್ರಶ್ನೆಗೆ ಒಡನೆಯೆ ಉತ್ತರ ಹೊಳೆಯಲಿಲ್ಲ.

ಮೊದಲು ಬೀಜವನ್ನೇ ಕೇಳಿದೆವು. ನೆಲದಿಂದ ಸುಮಾರು 7 ಮೀಟರು ಎತ್ತರದ ಮಹಡಿಯಿಂದ ಅದನ್ನು ಬಿಟ್ಟರೆ ನೆಲ ಮುಟ್ಟಲು ಸುಮಾರು 5 ಸೆಕೆಂಡು ಹಿಡಿಯುತ್ತಿದ್ದಿತು. ರೆಕ್ಕೆಯನ್ನು ಕತ್ತರಿಸಿ ಬರಿಯ ಬೀಜವನ್ನು ಬಿಟ್ಟಾಗ ಒಂದು ಸೆಕೆಂಡಿಗೆ ಸ್ವಲ್ಪ ಮೇಲೆ, ಅಷ್ಟೆ. ಬೀಜವನ್ನು ತೆಗೆದು ಬರಿಯ ರೆಕ್ಕೆಯನ್ನು ಬಿಟ್ಟಾಗ ಅದು ಸುತ್ತಲೇ ಇಲ್ಲ; ಒಣಗಿದ ಎಲೆಯಂತೆ ಅತ್ತಿತ್ತ ಹೊರಳಾಡಿ ಬಿದ್ದಿತು. ಎಂದರೆ, ತಿರುಗುವ ಗುಣ ರೆಕ್ಕೆಯೊಂದರದೂ ಅಲ್ಲ, ಬೀಜವೊಂದರದೂ ಅಲ್ಲ. ಒಂದು ಕಡೆಯ ಭಾರ, ಇನ್ನೊಂದು ಕಡೆಯ ಹರವು, ಇವೆರಡೂ ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ. ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಇನ್ನೊಂದು ಸೂಕ್ಷ್ಮವೂ ಕಾಣುತ್ತದೆ. ಅದರ ಒಂದು ಅಂಚು ದಪ್ಪ, ಇನ್ನೊಂದು ಅಂಚು ಈರುಳ್ಳಿಯ ಸಿಪ್ಪೆಯಷ್ಟು ತೆಳು. ತಿರುಗುವಾಗ ದಪ್ಪನೆಯ ಅಂಚೇ ಗಾಳಿಯನ್ನು ಸೀಳಿಕೊಂಡು ಮುಂದೆ ಹೋಗುತ್ತದೆ. ಭಾರವು ಮುಂದಂಚಿನ ಕಡೆಗೆ ಇರುವುದರಿಂದಲೇ ರೆಕ್ಕೆ ಮಗುಚಿಕೊಳ್ಳದೆ ಸ್ಥಿರವಾಗಿ ನಿಲ್ಲುತ್ತದೆ. ಸ್ವೀಡನ್ ದೇಶದ ನೋರ್ಬೆರ್ಗ್ ಎಂಬ ವಿದ್ವಾಂಸರು 1973ರಲ್ಲಿಯೇ ಇದನ್ನು ಗಣಿತದಿಂದ ವಿವರಿಸಿದ್ದಾರೆ. 2009ರಲ್ಲಿ ಲೆಂಟಿಂಕ್ ಮತ್ತು ಅವರ ಸಂಗಡಿಗರು, ಇಂತಹ ರೆಕ್ಕೆಯ ಮುಂದಂಚಿನ ಮೇಲುಭಾಗದಲ್ಲಿ ಗಾಳಿಯ ಚಿಕ್ಕ ಸುಳಿಯೊಂದು ನಿಂತು ಅದನ್ನು ಮೇಲಕ್ಕೆ ಹೀರುತ್ತಿರುತ್ತದೆಂದು ತೋರಿಸಿಕೊಟ್ಟರು.

ರೆಕ್ಕೆಯ ಬೀಜಗಳು ನಮ್ಮ ಜಿಲ್ಲೆಗೆ ಹೊಸತಲ್ಲ. ಹೊನ್ನಾವರ ತಾಲ್ಲೂಕಿನ ಕರಿಕಾನಮ್ಮನ ದೇವರಕಾಡಿನಲ್ಲಿ ಮುಗಿಲು ಮುಟ್ಟುವಂತೆ ಬೆಳೆದಿರುವ ಡಿಪ್ಟೆರೊಕಾರ್ಪಸ್ ಮರಗಳುಂಟು. ಆ ಗ್ರೀಕ್ ಹೆಸರಿನ ಅರ್ಥವೇ ಎರಡು ರೆಕ್ಕೆಯ ಹಣ್ಣು ಎಂದು. ಆದರೆ ಎರಡು ರೆಕ್ಕೆಯದು ತಿರುಗಿದರೆ ಆಶ್ಚರ್ಯವೇನೂ ಇಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದುದು ಒಂಟಿರೆಕ್ಕೆಯೇ.

ಮನುಷ್ಯನಿಗೆ ಈ ಆಸೆ ನಮ್ಮಿಂದಲೇ ಮೊದಲಾದುದಲ್ಲ. ಫ್ರಾನ್ಸ್ ದೇಶದಲ್ಲಿ ಪಾಪ್ಯಾಂ ಮತ್ತು ರೂಯಿ ಎಂಬ ಇಬ್ಬರು, ಇಂತಹದೇ ಬೀಜವೊಂದನ್ನು ಮಾದರಿಯಾಗಿ ಇಟ್ಟುಕೊಂಡು, ಮನುಷ್ಯನೇ ಕುಳಿತು ಹಾರಬಹುದಾದ ಒಂಟಿರೆಕ್ಕೆಯ ಯಂತ್ರವನ್ನು ಕಟ್ಟಿದರು. ಅದರ ತೂಕ ಸುಮಾರು 500 ಕಿಲೋಗ್ರಾಂ. 80 ಕುದುರೆಶಕ್ತಿಯ ಎಂಜಿನು ಒಂದು ಬೀಸಣಿಗೆಯನ್ನು ತಿರುಗಿಸಿ, ಟೊಳ್ಳಾದ ರೆಕ್ಕೆಯೊಳಗೆ ಗಾಳಿಯನ್ನು ನುಗ್ಗಿಸಿ, ತುದಿಯ ಕಿಂಡಿಯಿಂದ ಹೊರಕ್ಕೆ ಚಿಮ್ಮಿಸುತ್ತಿತ್ತು. 1915ನೆಯ ಇಸವಿ ಮಾರ್ಚಿ 31ರಂದು ಸೆರ್ಸೆ ಎಂಬ ಕೆರೆಯ ನೀರಿನ ಮೇಲೆ ಅದರ ಪರೀಕ್ಷೆ ನಡೆಯಿತು. ನಿಮಿಷಕ್ಕೆ 47 ಸುತ್ತುಗಳವರೆಗೆ ಹೋದ ಯಂತ್ರವು ತೂಕ ತಪ್ಪಿ ಓಲಾಡತೊಡಗಿತು. ಒಳಗಿದ್ದವನು ಅದನ್ನು ಬಿಟ್ಟು ಹೊರಬರಬೇಕಾಯಿತು. ಯಂತ್ರ ಕೆರೆಯಲ್ಲಿ ಮುಳುಗಿತು. ಮಾದರಿ ವಿಮಾನಗಳ ಹವ್ಯಾಸಿಗಳು ಮಾತ್ರ ಈ ಆಸೆಯನ್ನು ಕೈಬಿಡಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಮೆಕಚನ್ ಎಂಬವರು ಚಿಕ್ಕ ಎಂಜಿನನ್ನು ಕಟ್ಟಿ ಒಂಟಿರೆಕ್ಕೆಯ ಮಾದರಿಯನ್ನು ಹಾರಿಸಿದರು. ಈಚೆಗೆ, 2009ರ ಸುಮಾರಿಗೆ, ಅದೇ ದೇಶದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಅಂಗೈಯಗಲದ ಬೀಜದಂತಹ ವಿಮಾನಗಳನ್ನು ದೂರದಿಂದ ನಡೆಸಿ ತೋರಿಸಿದ್ದಾರೆ. ಇವನ್ನೆಲ್ಲ ಓದಿಕೊಂಡ ಮೇಲೆ ನಮಗೂ ಧೈರ್ಯ ಬಂದಿತು. ಓದಿದಷ್ಟರಿಂದಲೇ ಅರ್ಥವಾಯಿತೆಂಬ ಭ್ರಮೆಯೂ ಅದರ ಜೊತೆಗೇ ಬಂದಿತು.

ನಮ್ಮ ಮಾದರಿಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ತಾವು ಕಣ್ಣುಮುಚ್ಚಿ ಊಹಿಸಿಕೊಳ್ಳಬಹುದು. ಒಂದು ಕಡೆಗೆ 60 ಸೆಂಟಿಮೀಟರು ಉದ್ದ, 11 ಸೆಂಟಿಮೀಟರು ಅಗಲದ ರೆಕ್ಕೆ. ಅದರ ಮುಂದಂಚು ಸೀಳಿದ ಬಿದಿರು, ಒಳಗಿನ ಪಕ್ಕೆಗಳು ಬಾಲ್ಸಾ ಎಂಬ ಹಗುರವಾದ ಮರ, ಹೊದಿಕೆ ತೆಳುಕಾಗದ. ಇನ್ನೊಂದು ಕಡೆಗೆ ರೆಕ್ಕೆಯಿಲ್ಲದ ಬಿದಿರಿನ ತೋಳು. ಅದರ ತುದಿಯ ಹತ್ತಿರ ಚಿಕ್ಕ ವಿದ್ಯುತ್ ಮೋಟಾರು, ಅದಕ್ಕೊಂದು ಪ್ರೊಪೆಲರು, ಸ್ವಲ್ಪ ಈಚೆಗೆ ಬ್ಯಾಟರಿ. ಪ್ರೊಪೆಲರು ತೋಳನ್ನು ಅಡ್ಡಲಾಗಿ ತಳ್ಳುತ್ತದೆ. ಗಾಣದ ಎತ್ತು ನೊಗವನ್ನು ಎಳೆದು ಸುತ್ತುವಂತೆ, ಅದು ತಳ್ಳಿದಾಗ ಇಡೀ ವಿಮಾನವೇ ಬುಗುರಿಯಂತೆ ತಿರುಗುತ್ತದೆ. ತಿರುಗುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ಒತ್ತಿ ಮೇಲೇಳುತ್ತದೆ. ಇದರಲ್ಲಿ ನಿಂತಿರುವ ಭಾಗವೆಂಬುದೇ ಇಲ್ಲ. ಮುಂದು, ಹಿಂದು ಎಂಬುದೂ ಇಲ್ಲ. ಎಲ್ಲ ಸೇರಿ ತೂಕ 180 ಗ್ರಾಂ. ಅದರಲ್ಲಿ ರೆಕ್ಕೆಯದು 60. ಮೋಟಾರಿನ ವೇಗವನ್ನು ಕೈಯಲ್ಲಿರುವ ಪೆಟ್ಟಿಗೆಯೊಂದರಿಂದ ರೇಡಿಯೋ ಅಲೆಗಳ ಮೂಲಕ ಏರಿಸಿ ಇಳಿಸಬಹುದು. ಮೇಲೆ, ಕೆಳಗೆ, ಇವಿಷ್ಟೇ ನಮ್ಮ ಅಧೀನ; ಅತ್ತ ಇತ್ತ ಹೋಗುವುದು ಗಾಳಿಯ ಇಚ್ಛೆ.

ಮೊದಲನೆಯ ಪರೀಕ್ಷೆ ಕುಮಟೆಯ ಬಾಡದ ಸಮುದ್ರತೀರದಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ನಮ್ಮ ಕರಾವಳಿಯಲ್ಲಿ ಹೊತ್ತು ಏರಿದಂತೆ ನೆಲ ಕಾಯ್ದು ಕಡಲಗಾಳಿ ಬೀಸತೊಡಗುತ್ತದೆ. ರಾತ್ರಿಯೆಲ್ಲ ನೆಲದ ಕಡೆಯಿಂದ ಬೀಸುವ ತೆಳುಗಾಳಿ ಬೆಳಿಗ್ಗೆ ತಣ್ಣಗಾಗಿರುತ್ತದೆ. ಆದುದರಿಂದ ಸೂರ್ಯೋದಯದ ಹೊತ್ತಿಗೇ ಹೋಗಿ ನಿಂತೆವು. ಗೂಟವೊಂದರ ಮೇಲೆ ಮೊಳೆಯನ್ನು ನೆಟ್ಟು, ವಿಮಾನದ ಉದ್ದವನ್ನು ಅಳೆದು, ಅದರ ನಟ್ಟನಡುವಿನಲ್ಲಿ ತೂತು ಮಾಡಿ ಕೂರಿಸಿದ್ದೆವು. ಮೋಟಾರು ಚಾಲೂ ಆಯಿತು, ವಿಮಾನ ಸುತ್ತಿತು, ಮೊಳೆಯಿಂದ ಮೇಲಕ್ಕೆದ್ದಿತು. ಎದ್ದುದೇ ತಡ, ಕುಡಿದವನಂತೆ ತೂರಾಡಿ, ಆಳೆತ್ತರದಿಂದ ಮರಳಿಗೆ ಬಿದ್ದು, ರೆಕ್ಕೆ ಎರಡು ತುಂಡಾಯಿತು. ನಮ್ಮ ತಪ್ಪು ನಾಚಿಕೆಗೇಡಿನದು. ಉದ್ದದ ನಡುವೆ ಬೇರೆ, ತೂಕದ ನಡುವೆ ಬೇರೆ ಎಂಬುದನ್ನು ತರಗತಿಯಲ್ಲಿ ವರ್ಷಕ್ಕೊಮ್ಮೆ ಹೇಳಿಕೊಡುವವರು ನಾವು. ಬಂಧನವಿಲ್ಲದ ವಸ್ತು ತನ್ನ ಗುರುತ್ವಕೇಂದ್ರದ ಸುತ್ತಲೇ ತಿರುಗುತ್ತದೆಯೇ ಹೊರತು ನಾವು ತೂತು ಮಾಡಿದ ಕಡೆ ಅಲ್ಲ. ಹೊಸ ರೆಕ್ಕೆಯನ್ನು ಕಟ್ಟಿ, ಚಾಕುವಿನ ಅಂಚಿನ ಮೇಲೆ ವಿಮಾನವನ್ನು ತೂಗಿಸಿ ನೋಡಿದಾಗ, ಆ ಬಿಂದು ರೆಕ್ಕೆಯ ಬುಡದಿಂದ 10 ಸೆಂಟಿಮೀಟರು ಈಚೆಗೆ ತೋಳಿನ ಮೇಲೆ ಬಿದ್ದಿತು. ಅಲ್ಲಿಯೇ ಹೊಸ ತೂತು ಮಾಡಿದೆವು.

ಎರಡನೆಯ ಪರೀಕ್ಷೆ ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಕಾಸರಕೋಡಿನ ಮರಳಿನ ಮೇಲೆ, ಮೇ ತಿಂಗಳಲ್ಲಿ. ಈ ಸಲ ತೂರಾಟವಿಲ್ಲ. ಆದರೆ ಏರುವುದೂ ಇಲ್ಲ. ಗೇಣಷ್ಟು ಎದ್ದು ಮತ್ತೆ ಕುಳಿತುಬಿಡುತ್ತಿತ್ತು. ಮೋಟಾರಿನ ವೇಗವನ್ನು ಹೆಚ್ಚಿಸಿದರೆ ಸುತ್ತುವುದು ಹೆಚ್ಚುತ್ತಿತ್ತು, ಏರುವುದು ಹೆಚ್ಚುತ್ತಿರಲಿಲ್ಲ. ಲೆಕ್ಕದ ಪ್ರಕಾರ ಸೆಕೆಂಡಿಗೆ ಮೂರೂವರೆ ನಾಲ್ಕು ಸುತ್ತು ಸಾಕು. ಅದಕ್ಕಿಂತ ಹೆಚ್ಚೇ ಸುತ್ತುತ್ತಿತ್ತು. ಮೋಟಾರಿನ ಬಲ ಸಾಲದೆಂದು ತೀರ್ಮಾನಿಸಿ, ಮುಂದಿನ ಭಾನುವಾರ ಅದಕ್ಕಿಂತ ದೊಡ್ಡ ಮೋಟಾರನ್ನು ಅದೇ ಹಳೆಯ ತೋಳಿಗೆ ಕಟ್ಟಿ ತಂದೆವು.

ಆ ಭಾನುವಾರವನ್ನು ನಾವು ಮರೆಯುವಂತಿಲ್ಲ. ಪೂರ್ಣ ವೇಗಕ್ಕೆ ಹೋದೊಡನೆ ಬಿದಿರಿನ ತೋಳು ಗಂಟಿನ ಹತ್ತಿರ ಸೀಳಿತು. ಮೋಟಾರು ಕವಣೆಯ ಕಲ್ಲಿನಂತೆ ಹಾರಿಬಂದು, ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಹುಡುಗನ ಮುಂಗೈಗೆ ತಗಲಿತು. ಮಹಾಗನಿಯ ಕೆಳಗೆ ಪ್ರಶ್ನೆ ಕೇಳಿದವನೇ ಅವನು. ರಕ್ತ ಸುರಿಯಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಮೂಳೆಗೆ ಏನೂ ಆಗಿರಲಿಲ್ಲ. ಅವನು ಮುಖಕ್ಕೆ ಅಡ್ಡಲಾಗಿ ಕೈಯನ್ನು ಎತ್ತಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ಎತ್ತದಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತ ನಾವು ಕೆಲವು ರಾತ್ರಿ ನಿದ್ದೆಗೆಟ್ಟೆವು. ಆ ದಿನ ಸುತ್ತ ಯಾವ ತಡೆಯನ್ನೂ ಕಟ್ಟದೆ ಹುಡುಗರನ್ನು ನಿಲ್ಲಿಸಿದುದು ನಮ್ಮದೇ ಅಪರಾಧ. ಬೇರೆ ಯಾರದೂ ಅಲ್ಲ.

ಸಂಜೆ ಅವನನ್ನು ಮನೆಗೆ ಬಿಡಲು ಹೋದೆವು. ಅವನ ತಾಯಿ ಮೀನು ಮಾರಿ ಆಗತಾನೆ ಬಂದಿದ್ದರು. ಕೂಗಾಡಲಿಲ್ಲ. ಮಗನ ಕೈಯನ್ನು ನೋಡಿದರು. ನಮ್ಮ ಕೈಯಲ್ಲಿದ್ದ ಮುರಿದ ರೆಕ್ಕೆಯನ್ನು ನೋಡಿದರು. "ಮಾಸ್ತರೆ, ಇದು ಹಾರಿದರೆ ಯಾರಿಗೆ ಏನು ಸಿಕ್ಕುತ್ತದೆ?" ಎಂದು ಕೇಳಿದರು. ನಮ್ಮಲ್ಲಿ ಉತ್ತರಗಳಿದ್ದುವು. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹುಟ್ಟಿದುದನ್ನು, ಡಾಕ್ಟರ್ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ವಿಮಾನ 1951ರಲ್ಲಿ ಅಲ್ಲಿಂದಲೇ ಹಾರಿದುದನ್ನು ಹೇಳಬಹುದಾಗಿತ್ತು. ಆದರೆ ಆ ಮಾತುಗಳನ್ನು ಆ ಹೊಸ್ತಿಲಲ್ಲಿ ನಿಂತು ಆಡಲು ನಮಗೆ ನಾಲಗೆ ಏಳಲಿಲ್ಲ. ಆಕೆ ಕೇಳಿದುದು ದೇಶದ ವಿಷಯವಲ್ಲ, ತನ್ನ ಮಗನ ವಿಷಯ. ತಪ್ಪಾಯಿತೆಂದು ಹೇಳಿ ಹಿಂದಿರುಗಿದೆವು. ಕೆಲಸವನ್ನು ಅಲ್ಲಿಗೇ ನಿಲ್ಲಿಸಿದೆವು. ಮಳೆಗಾಲವೂ ಹಿಡಿಯಿತು, ವಿಮಾನದ ತುಂಡುಗಳು ಪ್ರಯೋಗಶಾಲೆಯ ಕಪಾಟಿನ ಮೇಲೆ ಸೇರಿದುವು.

ಮತ್ತೆ ಅವನ್ನು ಕೆಳಗಿಳಿಸಿದವನು ಆ ಹುಡುಗನೇ. ಆಗಸ್ಟಿನಲ್ಲಿ ಒಂದು ದಿನ, ಗಾಯ ಮಾಯ್ದ ಕೈಯಲ್ಲಿ ಮೊಬೈಲ್ ಫೋನನ್ನು ಹಿಡಿದುಕೊಂಡು ಬಂದನು. ಕಾಸರಕೋಡಿನಲ್ಲಿ ಗೆಳೆಯರು ತೆಗೆದಿದ್ದ ಚಿತ್ರವನ್ನು ಬಹಳ ನಿಧಾನವಾಗಿ ಓಡಿಸಿ ತೋರಿಸಿದನು. "ನಿಂತಾಗ ರೆಕ್ಕೆಯ ಮುಂದಂಚು ಮೇಲಕ್ಕೆ ಇದೆ, ಸರ್. ವೇಗ ಹೆಚ್ಚಿದ ಹಾಗೆಲ್ಲ ಅದು ಚಪ್ಪಟೆಯಾಗಿ ಮಲಗುತ್ತದೆ" ಎಂದನು. ನೋಡಿದೆವು, ನಿಜ. ಮೇಲೇಳಲು ಬೇಕಾದ ಓರೆಯನ್ನು ನಾವು 8 ಡಿಗ್ರಿ ಇಟ್ಟಿದ್ದೆವು. ತಿರುಗುವಾಗ ಅದು ಬಹುಮಟ್ಟಿಗೆ ಇಲ್ಲವಾಗುತ್ತಿತ್ತು.

ಕಾರಣವನ್ನು ತಿಳಿಯಲು ಪುಸ್ತಕಕ್ಕಿಂತ ಯಕ್ಷಗಾನವನ್ನು ನೆನೆಯುವುದು ಸುಲಭ. ನಮ್ಮ ಕಡೆಯ ಬಡಗುತಿಟ್ಟಿನ ವೇಷಧಾರಿ ಗಿರಕಿ ಹೊಡೆಯುವಾಗ ಅವನ ಉಡುಗೆಯ ಅಂಚು ಜೋತುಬೀಳದೆ ಸುತ್ತಲೂ ಮಟ್ಟವಾಗಿ ಹರಡಿಕೊಳ್ಳುತ್ತದಲ್ಲವೆ? ತಿರುಗುವ ವಸ್ತುವಿನ ಪ್ರತಿಯೊಂದು ಕಣವೂ ನಡುವಿನ ಅಚ್ಚಿನಿಂದ ಆದಷ್ಟು ದೂರಕ್ಕೆ ಓಡಲು ನೋಡುತ್ತದೆ. ಹಾಗೆ ಓಡುತ್ತ ಎಲ್ಲವೂ ಒಂದೇ ಮಟ್ಟಕ್ಕೆ ಬರಲು ಹವಣಿಸುತ್ತವೆ. ರೆಕ್ಕೆಯ ಮುಂದಂಚು ಎತ್ತರದಲ್ಲಿ, ಹಿಂದಂಚು ತಗ್ಗಿನಲ್ಲಿ. ಎರಡೂ ಸಮಮಟ್ಟಕ್ಕೆ ಎಳೆದಾಗ ರೆಕ್ಕೆ ಹೊರಳಿ ಚಪ್ಪಟೆಯಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಎಳೆತವೂ ಹೆಚ್ಚು. ನಾವು ದೊಡ್ಡ ಮೋಟಾರನ್ನು ಕಟ್ಟಿದುದು ರೋಗಕ್ಕೆ ರೋಗವನ್ನೇ ಔಷಧವಾಗಿ ಕೊಟ್ಟಂತಾಗಿದ್ದಿತು.

ಪರಿಹಾರವೂ ಅವನ ಕಡೆಯಿಂದಲೇ ಬಂದಿತು. ನಮ್ಮ ಕರಾವಳಿಯ ಕೆಲವು ದೋಣಿಗಳಿಗೆ ಒಂದೇ ಮಗ್ಗುಲಿನಲ್ಲಿ, ಎರಡು ಅಡ್ಡಕೋಲುಗಳ ತುದಿಗೆ, ಮರದ ದಿಮ್ಮಿಯೊಂದನ್ನು ಕಟ್ಟಿರುತ್ತಾರೆ. ಇನ್ನೊಂದು ಮಗ್ಗುಲು ಬರಿದು. ಆ ದಿಮ್ಮಿ ನೀರಿನ ಮಟ್ಟವನ್ನು ಹಿಡಿದಿರುವುದರಿಂದ ದೋಣಿ ಮಗುಚುವುದಿಲ್ಲ. "ಮಟ್ಟ ಹಿಡಿಯಲು ನಮ್ಮ ವಿಮಾನಕ್ಕೂ ಏನಾದರೂ ಬೇಕು, ಸರ್" ಎಂದನು. ಅಷ್ಟು ಹೇಳಿದುದು ಅವನು. ಉಳಿದುದನ್ನು ಲೆಕ್ಕ ಹಾಕಿದುದು ನಾವು. ಮೋಟಾರಿನ ತೋಳಿನ ಮೇಲೆ, ಅದಕ್ಕೆ ಅಡ್ಡಲಾಗಿ, 24 ಸೆಂಟಿಮೀಟರಿನ ಬಿದಿರುಕಡ್ಡಿಯನ್ನು ಬಿಗಿದೆವು. ಕಡ್ಡಿಯ ಎರಡು ತುದಿಗಳಿಗೂ ಬಲೆಗೆ ಕಟ್ಟುವ ಸೀಸದ ಗುಂಡು, ತುದಿಗೆ 8 ಗ್ರಾಮಿನಂತೆ. ರೆಕ್ಕೆ 8 ಡಿಗ್ರಿ ಓರೆಯಾಗಿರುವಾಗ ಕಡ್ಡಿ ಸರಿಯಾಗಿ ಮಟ್ಟವಾಗಿರುವಂತೆ ಜೋಡಿಸಿದೆವು. ತಿರುಗುವಾಗ ಕಡ್ಡಿಯೂ ಮಟ್ಟಕ್ಕೆ ಎಳೆಯುತ್ತದೆ, ರೆಕ್ಕೆಯೂ ಮಟ್ಟಕ್ಕೆ ಎಳೆಯುತ್ತದೆ. ಆದರೆ ಭಾರವೆಲ್ಲ ತುದಿಗಳಲ್ಲಿರುವುದರಿಂದ ಕಡ್ಡಿಯ ಎಳೆತ ರೆಕ್ಕೆಯದಕ್ಕಿಂತ ಸುಮಾರು ನಾಲ್ಕರಷ್ಟು. ಕಡ್ಡಿ ಗೆಲ್ಲುತ್ತದೆ; ರೆಕ್ಕೆಯ ಓರೆ ಒಂದೆರಡು ಡಿಗ್ರಿ ಕುಂದಿದರೂ ಉಳಿಯುತ್ತದೆ. ಹಳೆಯ ಚಿಕ್ಕ ಮೋಟಾರನ್ನೇ ಮತ್ತೆ ಕಟ್ಟಿದೆವು. ಬ್ಯಾಟರಿಯನ್ನು ಸರಿಸಿ ತೂಕವನ್ನು ಮತ್ತೆ ತೂಗಿಸಿದೆವು. ತೋಳಿಗೆ ಗಂಟಿಲ್ಲದ ಬಿದಿರನ್ನು ಆರಿಸಿ, ಅದರ ಮೇಲೆ ನೂಲನ್ನು ಒತ್ತಾಗಿ ಸುತ್ತಿ ಅಂಟು ಬಳಿದೆವು. ಹುಡುಗನ ಮನೆಗೆ ಇನ್ನೊಮ್ಮೆ ಹೋಗಿ, ಸುತ್ತಲೂ ಯಾವ ರಕ್ಷಣೆಯನ್ನು ಮಾಡುತ್ತೇವೆಂಬುದನ್ನು ತಾಯಿಗೆ ವಿವರಿಸಿ ಅನುಮತಿಯನ್ನು ಬೇಡಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, ಒಳಗಿನಿಂದ ಹಳೆಯ ಬಲೆಯೊಂದನ್ನು ತಂದು ನಮ್ಮ ಮುಂದೆ ಹಾಕಿದರು. "ಇದನ್ನು ಕಟ್ಟಿಕೊಂಡು ಅದರ ಹಿಂದೆ ನಿಲ್ಲಿ" ಎಂದರು.

ಮೂರನೆಯ ಪರೀಕ್ಷೆ ಅದೇ ವರ್ಷದ ನವೆಂಬರಿನಲ್ಲಿ, ಭಟ್ಕಳದ ಜಾಲಿಯ ತೀರದಲ್ಲಿ. ನಾಲ್ಕು ಗೂಟಗಳನ್ನು ನೆಟ್ಟು ಬಲೆಯನ್ನು ಇಮ್ಮಡಿಯಾಗಿ ಕಟ್ಟಿ, ಎಲ್ಲರೂ ಅದರ ಹಿಂದೆ ನಿಂತೆವು. ಹುಡುಗರ ತಲೆಗೆ ಮೋಟಾರು ಬೈಕಿನವರು ಧರಿಸುವ ಹೆಲ್ಮೆಟ್ಟು. ನೆಲದ ಕಡೆಯಿಂದ ಕಡಲಿಗೆ ತೆಳುವಾದ ಗಾಳಿ. ವಿಮಾನ ಸುತ್ತತೊಡಗಿತು, ರೆಕ್ಕೆಯೂ ತೋಳೂ ಕಣ್ಣಿಗೆ ಬೇರೆಯಾಗಿ ಕಾಣದೆ ಮಸುಕಾದ ತಟ್ಟೆಯೊಂದಾಯಿತು. ಮೊಳೆಯನ್ನು ಬಿಟ್ಟು ಮೇಲಕ್ಕೆದ್ದಿತು. ಆಳೆತ್ತರ ಏರಿತು, ಎರಡಾಳೆತ್ತರ ಏರಿತು, ತೂರಾಡಲಿಲ್ಲ. ಹುಡುಗರು ಕೂಗಿಕೊಂಡರು. ದಂಡೆಯ ತೆಂಗಿನಮರಗಳ ಎತ್ತರವನ್ನು ಮೀರಿದಾಗ ಗಾಳಿ ಅದನ್ನು ಕಡಲ ಕಡೆಗೆ ಒಯ್ಯಲಾರಂಭಿಸಿತು. ನಲವತ್ತು ಸೆಕೆಂಡುಗಳಾಗಿದ್ದುವು. ಇನ್ನು ಬಿಟ್ಟರೆ ಕೈಗೆ ಸಿಕ್ಕದೆಂದು ನಾವು ಮೋಟಾರನ್ನು ನಿಲ್ಲಿಸಿದೆವು.

ನಮ್ಮಲ್ಲಿ ಯಾರೂ ಆ ಕ್ಷಣವನ್ನು ಮೊದಲೇ ಯೋಚಿಸಿರಲಿಲ್ಲ. ಸಾಮಾನ್ಯ ವಿಮಾನಕ್ಕಾದರೆ ಅದು ಭಯದ ಕ್ಷಣ. ಈ ವಿಮಾನ ಒಂದು ಗಳಿಗೆ ಕೆಳಕ್ಕೆ ಜಾರಿ, ಮತ್ತೆ ತನ್ನಷ್ಟಕ್ಕೆ ಸುತ್ತನ್ನು ಹಿಡಿದು, ಸದ್ದಿಲ್ಲದೆ, ಮಾರ್ಚಿಯ ಆ ಮಹಾಗನಿ ಬೀಜದಂತೆಯೇ ಮೆಲ್ಲಮೆಲ್ಲನೆ ಇಳಿದುಬಂದಿತು. ಮೊಣಕಾಲುದ್ದದ ನೀರಿನಲ್ಲಿ ಕುಳಿತ ಅದನ್ನು ಆ ಹುಡುಗನೇ ಓಡಿಹೋಗಿ ಎತ್ತಿಕೊಂಡು ಬಂದನು. ತೆಳುಕಾಗದ ನೆನೆದು ಹರಿದಿತ್ತು. ಬೇರೆ ಏನೂ ಮುರಿದಿರಲಿಲ್ಲ.

ಇದು ಹಾರಿದರೆ ಯಾರಿಗೆ ಏನು ಸಿಕ್ಕುತ್ತದೆ ಎಂಬ ಆ ತಾಯಿಯ ಪ್ರಶ್ನೆಗೆ ನಾವು ಇಂದಿಗೂ ಪೂರ್ಣವಾದ ಉತ್ತರವನ್ನು ಕೊಡಲಾರೆವು. ನಮ್ಮ ವಿಮಾನ ಯಾವ ಹೊರೆಯನ್ನೂ ಹೊರುವುದಿಲ್ಲ. ಹೇಳಿದ ಕಡೆಗೆ ಹೋಗುವುದಿಲ್ಲ. ಆದರೆ ಒಂದನ್ನು ಕಂಡೆವು. ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದವನು, ತನ್ನ ಮನೆಯ ದೋಣಿಯಲ್ಲಿಯೂ ಬಲೆಯ ಸೀಸದ ಗುಂಡಿನಲ್ಲಿಯೂ ಭೌತಶಾಸ್ತ್ರವೇ ಇದೆಯೆಂದು ಅರಿತುಕೊಂಡನು. ಅವನಿಗೆ ಕಲಿಸಲು ಹೊರಟ ನಾವು, ತಪ್ಪು ಕಂಡಾಗ ಬಲವನ್ನು ಹೆಚ್ಚಿಸುವ ಮೊದಲು ಕಣ್ಣಿಟ್ಟು ನೋಡಬೇಕೆಂಬುದನ್ನು ಅವನಿಂದ ಕಲಿತೆವು. ಅದಕ್ಕೆ ಅವನು ತೆತ್ತ ಬೆಲೆ ಅವನ ಮುಂಗೈಯ ಮೇಲೆ ಇನ್ನೂ ಗುರುತಾಗಿ ಉಳಿದಿದೆ. ಅಷ್ಟು ಬೆಲೆಯನ್ನು ಅವನು ತೆರಬೇಕಾಗಿರಲಿಲ್ಲ.

ಮುಂದಿನ ಬೇಸಗೆಯಲ್ಲಿ ತಮ್ಮ ಬೀದಿಯ ಮಹಾಗನಿಯ ಕೆಳಗೆ ಒಂದು ಬೀಜ ಸಿಕ್ಕಿದರೆ, ದಯವಿಟ್ಟು ಅದನ್ನು ಮಹಡಿಯಿಂದ ಒಮ್ಮೆ ಬಿಟ್ಟು ನೋಡಿ. ಮಕ್ಕಳು ಪಕ್ಕದಲ್ಲಿದ್ದು ಏನಾದರೂ ಕೇಳಿದರೆ, ಗೊತ್ತಿಲ್ಲವೆಂದು ಹೇಳಲು ಹಿಂಜರಿಯಬೇಡಿ. ಜೊತೆಗೆ ಕುಳಿತು ಹುಡುಕಿರಿ.